ಗುಂಪಿನ ಮುಂದಾಳು ಮಾತುಗಾರನೇ ಆಗಬೇಕಾ?

ಪರ: ಬಾಯಿ ಬಿಟ್ಟವರೇ ಮುಂದೆ ನಿಲ್ಲಲಿ

ಮೊದಲು ಆ ತುಂಬಿದ ಕೊಡದ ಗಾದೆ ಮುಗಿಸಿಬಿಡೋಣ. 'ತುಂಬಿದ ಕೊಡ ತುಳುಕುವುದಿಲ್ಲ' ಅಂತ ಆ ಕಡೆಯವರು ಹೇಳಿಯೇ ಹೇಳುತ್ತಾರೆ. ಖಾಲಿ ಕೊಡವೂ ತುಳುಕುವುದಿಲ್ಲ ಸ್ವಾಮಿ. ಹೊರಗೆ ನಿಂತು ನೋಡುವವನಿಗೆ ಎರಡೂ ಒಂದೇ.

ನಮ್ಮ ಹಳೇ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ 43 ಜನ. ಎರಡು ವರ್ಷ ಅಲ್ಲಿ ಒಂದೇ ಮಾತು, 'ಒಂದ್ಸಲ ಎಲ್ಲರೂ ಸೇರೋಣ ಕಣ್ರೋ'. ಹತ್ತು ಹೆಬ್ಬೆರಳು, ಐದಾರು ಹೃದಯ, ಆಮೇಲೆ ಗಪ್‌ಚುಪ್. ಯಾವಾಗ ಅಂತ ಕೇಳಿದರೆ 'ನೀವೆಲ್ಲ ಹೇಳಿದ ಹಾಗೆ'. ಈ 'ನೀವೆಲ್ಲ ಹೇಳಿದ ಹಾಗೆ' ಅನ್ನೋ ವಿನಯ ಇದೆಯಲ್ಲ, ಅದು ಎಷ್ಟು ಒಳ್ಳೆ ಕೆಲಸಗಳನ್ನು ಮಲಗಿಸಿದೆಯೋ ಲೆಕ್ಕ ಇಟ್ಟವರಿಲ್ಲ. ಕೊನೆಗೆ, ಕ್ಲಾಸಿನಲ್ಲಿ ಮಾತಾಡಿದ್ದಕ್ಕೇ ವಾರಕ್ಕೆರಡು ಸಲ ಹೊರಗೆ ನಿಲ್ಲುತ್ತಿದ್ದ ಒಬ್ಬಳು ಗುಂಪಿಗೆ ಬಂದಳು. ಬಂದ ರಾತ್ರಿಯೇ ಬರೆದಳು: 'ಮುಂದಿನ ತಿಂಗಳು ಎರಡನೇ ಭಾನುವಾರ. ಬರೋಕಾಗದವರು ಈಗಲೇ ಹೇಳಿ, ಆಮೇಲೆ ಅಳಬೇಡಿ.' ಮರುದಿನದಿಂದ ಒಬ್ಬೊಬ್ಬರಿಗೂ ಫೋನ್. ನನಗೆ ಮೂರು ಸಲ ಮಾಡಿದಳು, ಮೂರನೇ ಸಲ ಬೈದಳು.

31 ಜನ ಸೇರಿದೆವು. ಅವತ್ತು ನಮ್ಮ ಕ್ಲಾಸಿನ ಜಾಣ, ಮಹಾ ಮೌನಿ, ನನ್ನನ್ನು ಪಕ್ಕಕ್ಕೆ ಕರೆದು ಮೊಬೈಲ್ ತೋರಿಸಿದ. ಆರು ದಿನಾಂಕ, ನಾಲ್ಕು ಜಾಗ, ತಲೆಗೆಷ್ಟು ಖರ್ಚು, ಎಲ್ಲ ಪಟ್ಟಿ ಮಾಡಿಟ್ಟಿದ್ದ. ಒಂದೂವರೆ ವರ್ಷದ ಹಿಂದೆ! 'ಯಾಕೋ ಕಳಿಸಲಿಲ್ಲ?' ಅಂದೆ. 'ಯಾರೂ ಕೇಳಲಿಲ್ಲ' ಅಂದ.

ಅವನು ನನಗಿಂತ ಬುದ್ಧಿವಂತ, ಅನುಮಾನವೇ ಇಲ್ಲ. ಆದರೆ ಫೋನಿನೊಳಗಿದ್ದ ಬುದ್ಧಿಯಿಂದ ಒಬ್ಬರೂ ಒಂದು ಕಡೆ ಸೇರಲಿಲ್ಲ.

ಇದು ನನ್ನೊಬ್ಬನ ಕಥೆ ಅಂದುಕೊಳ್ಳಬೇಡಿ. 2002ರಲ್ಲಿ ಸಂಶೋಧಕ ತಿಮೋತಿ ಜಡ್ಜ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಮನಶ್ಶಾಸ್ತ್ರದವರು ಅಳೆಯುವ ಐದು ಸ್ವಭಾವಗಳಲ್ಲಿ ಮುಂದಾಳತ್ವದ ಜೊತೆ ಜಾಸ್ತಿ ನಂಟು ಕಂಡದ್ದು ಬಹಿರ್ಮುಖತೆಗೆ, ಅಂದರೆ ಜನರೊಡನೆ ಬೆರೆತು ಮಾತಾಡುವ ಸ್ವಭಾವಕ್ಕೆ. ಮೌನಿಗಳು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ ಅಂತೀರಾ? ಗೋಡೆಗೂ ಕಿವಿ ಇದೆ. ಹಾಗಂತ ಗೋಡೆಯನ್ನು ಮುಂದಾಳು ಮಾಡೋಕಾಗುತ್ತಾ?

ವಿರೋಧ: ಜೋರು ದನಿ ಸಾಲದು

ಈ ಕಡೆಯಿಂದ ಬರೆಯಿರಿ ಅಂತ ನನಗೆ ಹೇಳಿದ್ದಾರೆ. ನನ್ನನ್ನು ಬಲ್ಲವರು ನಗುತ್ತಾರೆ, ಯಾಕಂದ್ರೆ ನಾನೂ ವಾಚಾಳಿಯೇ. ಇರಲಿ, ಒಪ್ಪಿಕೊಂಡಾಗಿದೆ.

ಮಾತುಗಾರರ ಪರ ಎಲ್ಲರೂ ಎತ್ತಿ ತೋರಿಸುವ 2002ರ ಆ ಅಧ್ಯಯನದಲ್ಲಿ ಇನ್ನೊಂದು ಲೆಕ್ಕವೂ ಇದೆ. ನಂಟೇ ಇಲ್ಲದಿದ್ದರೆ 0, ಪೂರ್ತಿ ನಂಟಿದ್ದರೆ 1 ಅನ್ನೋ ಅಳತೆಯಲ್ಲಿ, ಬಹಿರ್ಮುಖತೆಗೂ ಮುಂದಾಳು ಆಗುವುದಕ್ಕೂ ಇರುವ ನಂಟು 0.33. ಆದ ಮೇಲೆ ಚೆನ್ನಾಗಿ ನಡೆಸುವುದಕ್ಕೂ ಇರುವ ನಂಟು 0.24. 2009ರಲ್ಲಿ ಆಂಡರ್ಸನ್ ಮತ್ತು ಕಿಲ್ಡಫ್ ಅನ್ನೋ ಸಂಶೋಧಕರು ಗುಂಪುಗಳಿಗೆ ಗಣಿತದ ಲೆಕ್ಕ ಬಿಡಿಸಲು ಕೊಟ್ಟರು. ನೂರಕ್ಕೆ 94ರಷ್ಟು ಸಲ, ಯಾರೋ ಮೊದಲು ಹೇಳಿದ ಉತ್ತರವೇ ಗುಂಪಿನ ಉತ್ತರವಾಯಿತು. ಜೋರಿನವರು ಉತ್ತರ ಹೇಳಿದ್ದು ಜಾಸ್ತಿ, ಸರಿ ಹೇಳಿದ್ದು ಜಾಸ್ತಿಯೇನಲ್ಲ. 2011ರಲ್ಲಿ ಸಂಶೋಧಕ ಆಡಮ್ ಗ್ರಾಂಟ್ ಮತ್ತು ಸಂಗಡಿಗರು ಪಿಜ್ಜಾ ಅಂಗಡಿಗಳಲ್ಲಿ ನೋಡಿದಾಗ, ಕೆಲಸಗಾರರು ತಾವೇ ಸಲಹೆ ಕೊಡುವ ಕಡೆ ಅಂತರ್ಮುಖಿ ಮ್ಯಾನೇಜರ್ ಇದ್ದರೆ ಲಾಭ ಹೆಚ್ಚು. ಹೇಳಿದಷ್ಟೇ ಮಾಡುವವರಿದ್ದ ಕಡೆ ಬಹಿರ್ಮುಖಿಗಳೇ ಮೇಲು. ಇದನ್ನು ನಾನು ಹೇಳಬಾರದಿತ್ತೇನೋ.

ನಾಲ್ಕು ವರ್ಷ ನಾನೊಂದು ಚಾರಣದ ಗುಂಪಿನ ಮುಂದಾಳಾಗಿದ್ದೆ. ಪ್ರತಿ ಸಲ ಕೊನೆಗೆ 'ಎಲ್ಲರಿಗೂ ಓಕೆ ತಾನೇ?' ಅಂತಿದ್ದೆ. ಯಾರೂ ಮಾತಾಡುತ್ತಿರಲಿಲ್ಲ. ಓಕೆ ಅಂದುಕೊಳ್ಳುತ್ತಿದ್ದೆ. ಒಂದು ದಿನ ಗುಂಪಿಗೆ ಮೆಸೇಜ್ ಬಂತು: 'ಇವನಿಗೆ ಹೇಳಬೇಡಿ, ಶನಿವಾರ ನಾವಷ್ಟೇ ಸುಮ್ನೆ ನಿಧಾನಕ್ಕೆ ನಡೆಯೋಣ.' ನಿಮಿಷದಲ್ಲಿ ಅಳಿಸಿದರು. ನಾನು ಓದಿಯಾಗಿತ್ತು. ನಾನಿಲ್ಲದ ಇನ್ನೊಂದು ಗುಂಪಿತ್ತು. ಅದನ್ನು ನಡೆಸುತ್ತಿದ್ದವರು ನನ್ನ ಮುಂದೆ ಹತ್ತು ಮಾತೂ ಆಡದ ಒಬ್ಬ ಅಕ್ಕ. ಇಬ್ಬರಿಗೆ ಮಂಡಿನೋವಿದೆ ಅನ್ನೋದು ಅವರಿಗೆ ಗೊತ್ತಿತ್ತು, ನನಗಿರಲಿಲ್ಲ.

ಈಗ ಆ ಗುಂಪಿಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಒಂದು ದಿನಾಂಕ ಗೊತ್ತುಮಾಡೋಕೆ ಅಲ್ಲಿ ಹತ್ತು ದಿನ ಬೇಕು, ಮೈಯೆಲ್ಲ ಉರಿಯುತ್ತೆ. ಮೊನ್ನೆ ತಡೆಯಲಾಗದೆ ನಾನೇ ದಿನಾಂಕ ಹೇಳಿಬಿಟ್ಟೆ.