ತಿಂಗಳಿಗೆ ಎಷ್ಟು ದಿನ ಮಾತ್ರೆ?

ಹೆಂಡತಿಯ ಮೈಗ್ರೇನ್ ತಲೆನೋವು ತೋರಿಸಲು ಹೋದಾಗ ಇಲ್ಲಿ ಇಂಗ್ಲೆಂಡಿನ ಡಾಕ್ಟರು ಎಲ್ಲಿ ನೋವು, ಎಷ್ಟು ನೋವು ಅಂತ ಮೊದಲು ಕೇಳಲಿಲ್ಲ. ತಿಂಗಳಲ್ಲಿ ಎಷ್ಟು ದಿನ ನೋವಿನ ಮಾತ್ರೆ ತಗೊಳ್ತೀರಿ ಅಂದರು. ನೋಯುವವಳ ಮೇಲೇ ಗೂಬೆ ಕೂರಿಸ್ತಿದ್ದಾರಲ್ಲ ಅಂತ ನನಗೆ ಚುರುಕ್ ಅಂದಿತು.

ಆದರೆ ಆ ಪ್ರಶ್ನೆಗೆ ಅರ್ಥವಿತ್ತು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಮೈಗ್ರೇನಿಗೆಂದೇ ಇರುವ ಸುಮಾಟ್ರಿಪ್ಟಾನ್ ಥರದವು 10 ದಿನ ಅಥವಾ ಜಾಸ್ತಿ, ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದು. ಬಿಟ್ಟರೆ ಮೊದಮೊದಲು ನೋವು ಇನ್ನೂ ಏರುತ್ತೆ. ಅದನ್ನು ದಾಟಿಕೊಂಡು ಬರಬೇಕು.

ಊರಲ್ಲಿ ಈ ಲೆಕ್ಕ ಯಾರೂ ಕೇಳಿರಲಿಲ್ಲ. ಪಿತ್ತ ಅಂದರು, ನಿದ್ದೆ ಸಾಲದು ಅಂದರು, ಕನ್ನಡಕ ಬದಲಿಸು ಅಂದರು. ಡಾಕ್ಟರೊಬ್ಬರು ಇನ್ನೂ ಜೋರಾದ ಮಾತ್ರೆ ಬರೆದುಕೊಟ್ಟರು. ನಮ್ಮವರಿಗೆ ಇವತ್ತಿನ ನೋವು ಇವತ್ತೇ ಹೋಗಬೇಕು, ಅಷ್ಟೇ. ತಿಂಗಳ ಲೆಕ್ಕ ಇಡುವ ತಾಳ್ಮೆ ಯಾರಿಗಿದೆ? ‘ಬರೀ ತಲೆನೋವು ತಾನೇ’ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತೆ.

ಇಲ್ಲಿ ನೋವು ಇರಲಿ ಬಿಡಲಿ, ನೋವು ಬರದಂತೆ ದಿನಾ ನುಂಗುವ ತಡೆ ಮಾತ್ರೆ ಕೊಡ್ತಾರೆ. ಪ್ರೊಪ್ರನೊಲಾಲ್ ಬಿಪಿಯದು. ಅಮಿಟ್ರಿಪ್ಟಿಲಿನ್ ಖಿನ್ನತೆಯದು. ಟೊಪಿರಾಮೇಟ್ ಫಿಟ್ಸಿನದು. ಫೋನಿನಲ್ಲಿ ಇದನ್ನು ಹೇಳಿದ್ದೇ ತಡ, ‘ಅವಳಿಗೆ ಫಿಟ್ಸ್ ಯಾವಾಗಿಂದ ಬರ್ತಿದೆಯೋ?’ ಅಂತ ಅಮ್ಮ ಗಾಬರಿಯಾದರು. ಮೈಗ್ರೇನಿಗೂ ಇವು ಕೆಲಸ ಮಾಡುತ್ತವೆ ಅಂತ ನಂಬಿಸುವಷ್ಟರಲ್ಲಿ ನನಗೇ ತಲೆನೋವು ಬಂತು. ಎಲ್ಲರಿಗೂ ಎಲ್ಲವೂ ಆಗಲ್ಲ. ಅಸ್ತಮಾ ಇದ್ದರೆ ಪ್ರೊಪ್ರನೊಲಾಲ್ ಬೇಡ. ಟೊಪಿರಾಮೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ನುಂಗಿದವರಿಗೂ ಬೆರಳು ಜುಮ್ಮೆನ್ನಿಸುತ್ತೆ, ಒಮ್ಮೊಮ್ಮೆ ಬಾಯಿಗೆ ಬರಬೇಕಾದ ಪದವೇ ಬರದಂತೆ ಮಾಡುತ್ತೆ. ಸಣ್ಣ ಡೋಸಿನಿಂದ ಶುರುಮಾಡಿ ಮೆಲ್ಲಗೆ ಏರಿಸಿ, ಎರಡು ಮೂರು ತಿಂಗಳಾದ ಮೇಲೇ ಆಯ್ತೋ ಇಲ್ಲವೋ ಅಂತ ನೋಡೋದು. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಗೆದ್ದ ಹಾಗೆ. ಪೂರ್ತಿ ಗುಣ ಮಾಡ್ತೀವಿ ಅಂತ ಇಲ್ಲಿ ಯಾರೂ ಹೇಳಲಿಲ್ಲ. ಆ ನೇರ ಮಾತೇ ನನಗೆ ಹಿಡಿಸಿತು.

ಇವೂ ನಾಟದಿದ್ದರೆ ಬೊಟಾಕ್ಸ್. ತಿಂಗಳಲ್ಲಿ ಅರ್ಧಕ್ಕರ್ಧ ದಿನ ತಲೆನೋವಿರುವ ಮೈಗ್ರೇನಿನವರಿಗೆ ಮಾತ್ರ ಇದು. ಹಣೆಯಿಂದ ಕತ್ತು, ಭುಜದವರೆಗೆ 31 ಕಡೆ ಸೂಜಿ, 12 ವಾರಕ್ಕೊಮ್ಮೆ. ಇನ್ನೊಂದು ದಾರಿ ಸಿಜಿಆರ್‌ಪಿ ಅನ್ನುವ, ಮೈಗ್ರೇನ್ ಕೆರಳಿಸುವ ಪ್ರೋಟೀನಿನ ಕೆಲಸ ತಡೆಯುವ ಔಷಧ. 2018ರಲ್ಲಿ ಬಂದ ಎರೆನುಮ್ಯಾಬ್ ಇವುಗಳಲ್ಲಿ ಮೊದಲನೆಯದು. ತಿಂಗಳಿಗೊಂದು ಇಂಜೆಕ್ಷನ್, ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಅಟೊಜೆಪಾಂಟ್ ಆದರೆ ದಿನಾ ಒಂದು ಮಾತ್ರೆ.

ಇಷ್ಟೆಲ್ಲ ಹೊಗಳಿದೆ. ಹೇಳದೇ ಇರೋಕಾಗದ ಒಂದು ವಿಷಯವೂ ಇದೆ. ಇಂಗ್ಲೆಂಡಿನ ಸರ್ಕಾರಿ ವ್ಯವಸ್ಥೆಯಲ್ಲಿ ಎರೆನುಮ್ಯಾಬ್ ಬೇಕಂದರೆ ಮೊದಲು ಕನಿಷ್ಠ ಮೂರು ತಡೆ ಔಷಧ ಸೋಲಬೇಕು. ಒಂದೊಂದಕ್ಕೂ ತಿಂಗಳುಗಟ್ಟಲೆ. ನರರೋಗ ತಜ್ಞರ ಸರದಿ ಬರೋಕೂ ತಿಂಗಳುಗಟ್ಟಲೆ ಕಾಯಬೇಕು. ಊರಲ್ಲಾದರೆ ಇದೇ ವಾರ ಅವರ ಮುಂದೆ ಕೂತಿರಬಹುದು. ಅವರೂ ಇದೇ ಪ್ರಶ್ನೆ ಕೇಳುತ್ತಿದ್ದರೋ ಏನೋ. ನಾವು ಅವರವರೆಗೆ ಹೋಗಲೇ ಇಲ್ಲ.

ರಜೆಗೆ ಹೋದಾಗ ಅಲ್ಲೇ ತೋರಿಸಿಬಿಡ್ತೀನಿ ಅನ್ನುತ್ತಾಳೆ ಇವಳು. ನಾನಿನ್ನೂ ಒಪ್ಪಿಲ್ಲ.