ಊರಿನ ಚರಿತ್ರೆ ಬೀರುವಿನಲ್ಲಿ ಭದ್ರವಾಗಿದೆ, ಬೀಗದಕೈ ಮಾತ್ರ ಕೇಳ್ಬೇಡಿ

ಯಾವ ನಗರದ ಮೇಯರ್ ಭಾಷಣ ಬೇಕಾದ್ರೂ ಕೇಳಿ ನೋಡಿ, ಎರಡನೇ ವಾಕ್ಯದಲ್ಲಿ "ಭವ್ಯ ಇತಿಹಾಸ" ಬರುತ್ತೆ, ಮೂರನೇದ್ರಲ್ಲಿ "ಶ್ರೀಮಂತ ಪರಂಪರೆ", ನಾಲ್ಕನೇದು ಚಪ್ಪಾಳೆ. ಆ ಭವ್ಯ ಇತಿಹಾಸ ಯಾವ ವರ್ಷದ್ದು, ಎಲ್ಲಿ ಬರ್ದಿಟ್ಟಿದಾರೆ ಅಂತ ಸಭೇಲಿ ಯಾರೂ ಕೇಳಲ್ಲ, ಕೇಳಬಾರ್ದು ಕೂಡ, ಅದು ಸಭ್ಯತೆ ಅಲ್ಲ. ಆದ್ರೆ ಪ್ರತಿ ಊರಲ್ಲೂ ಒಬ್ಬ ತಲೆಹರಟೆ ಇರ್ತಾನೆ. ನಮ್ಮ ಬೀದಿಗೆ ಈ ಹೆಸ್ರು ಯಾಕೆ ಬಂತು, ಮೂಲೇಲಿರೋ ಪಾಳುಬಿದ್ದ ಕಟ್ಟಡ ಮೊದ್ಲು ಏನಾಗಿತ್ತು ಅಂತ ತಿಳ್ಕೊಳ್ಳೋ ಚಪಲ ಅವನಿಗೆ. ಮೊದ್ಲು ಇಂಟರ್ನೆಟ್ಟಲ್ಲಿ ಹುಡುಕ್ತಾನೆ. ನಲವತ್ತು ಕಡೆ ಮಾಹಿತಿ ಸಿಗುತ್ತೆ, ನಲವತ್ತರಲ್ಲೂ ಅದೇ ಐದು ವಾಕ್ಯ, ಅದೇ ಕಾಗುಣಿತದ ತಪ್ಪು ಸಮೇತ. ಆಮೇಲೆ ಯಾರೋ ಪುಣ್ಯಾತ್ಮರು ಹೇಳ್ತಾರೆ, "ಲೈಬ್ರರಿಗೆ ಹೋಗಿ, ಅಲ್ಲಿ ಎಲ್ಲಾ ಇದೆ." ಈ ಮಾತು ನೂರಕ್ಕೆ ನೂರು ನಿಜ. ಇದೆ. ನಿಮಗೆ ಸಿಗುತ್ತೆ ಅಂತ ಅವರೆಲ್ಲಿ ಹೇಳಿದ್ರು?

ಲೈಬ್ರರಿ ಬಾಗಿಲು ದಾಟಿದ ತಕ್ಷಣ ಇತಿಹಾಸದ ರ‍್ಯಾಕು ಸಿಗುತ್ತೆ. ನೆಪೋಲಿಯನ್‌ಗೆ ಒಂದು ಸಾಲು, ಎರಡನೇ ಮಹಾಯುದ್ಧಕ್ಕೆ ಮೂರು ಸಾಲು, ರೋಮ್ ಸಾಮ್ರಾಜ್ಯ ಹುಟ್ಟಿ ಬೆಳೆದು ಬಿದ್ದಿದ್ದಕ್ಕೆ ಇನ್ನೊಂದು. ಲೈಬ್ರರಿ ನಿಂತಿರೋ ಊರಿಗೆ ಅರ್ಧ ಗೇಣು ಜಾಗ. ಅದ್ರಲ್ಲೂ ಒಂದು ಪ್ರವಾಸಿ ಕೈಪಿಡಿ, ಒಂದು ಯಾವುದೋ ಸಂಸ್ಥೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಅದ್ರ ಮುಕ್ಕಾಲು ಪಾಲು ಶುಭ ಕೋರುವವರ ಜಾಹೀರಾತು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆಯನ್ನ ಯಾರಾದ್ರೂ ರ‍್ಯಾಕ್ ರೂಪದಲ್ಲಿ ನೋಡ್ಬೇಕು ಅಂದ್ರೆ ಇಲ್ಲಿಗೇ ಬರ್ಬೇಕು.

ತಪ್ಪು ಪೂರ್ತಿ ಲೈಬ್ರರಿಯವ್ರದ್ದೇ ಅಂತಾನೂ ಹೇಳಕ್ಕಾಗಲ್ಲ ಬಿಡಿ, ಸ್ವಲ್ಪ ಪಾಲು ಅಮೆರಿಕದ ಲೈಬ್ರರಿಯನ್ ಮೆಲ್ವಿಲ್ ಡ್ಯೂಯಿ ಮಹಾಶಯನಿಗೂ ಹೋಗ್ಬೇಕು. 1876ರಲ್ಲಿ ಆತ ಜಗತ್ತಿನ ಜ್ಞಾನವನ್ನೆಲ್ಲಾ ಹತ್ತು ಪಾಲು ಮಾಡಿ, ಆ ಪ್ರಕಾರ ಪುಸ್ತಕ ಜೋಡಿಸ್ಲಿ ಅಂತ ನಂಬರ್ ಕೊಟ್ಟ, ಇತಿಹಾಸಕ್ಕೆ 900 ಬಂತು. ಸರಿ. ಆದ್ರೆ ಒಂದು ಊರು ಹಾಗೆ ಒಂದೇ ನಂಬರಲ್ಲಿ ಕೂರುತ್ತಾ? ಊರಿಗೆ ನೀರು ಹೆಂಗೆ ಬಂತು, ಚರಂಡಿ ಯಾವಾಗ ತೋಡಿದ್ರು ಅನ್ನೋದು 628ರಲ್ಲಿ, ಶಾಲೆಗಳು 370ರಲ್ಲಿ, ರೈಲು ಬಂದ ಕಥೆ 385ರಲ್ಲಿ, ಹಳೇ ಕಟ್ಟಡಗಳು 720ರಲ್ಲಿ, ಊರಿನ ಗಣ್ಯರ ಜೀವನಚರಿತ್ರೆ 920ರಲ್ಲಿ. ಒಂದು ಊರಿನ ಕೈ ಒಂದು ಮಹಡೀಲಿ, ಕಾಲು ಇನ್ನೊಂದರಲ್ಲಿ, ಕರುಳು ಅಂದ್ರೆ ಚರಂಡಿ ನೆಲಮಾಳಿಗೇಲಿ. ಸಂಶೋಧನೆ ಅಂತ ನಾವು ಕರೆಯೋದು ಬಹುಮಟ್ಟಿಗೆ ಮೆಟ್ಟಿಲು ಹತ್ತಿ ಇಳಿಯೋದನ್ನ.

ಅಂತೂ ಸುಸ್ತಾಗಿ ವಿಚಾರಿಸಿದ್ರೆ ಗೊತ್ತಾಗುತ್ತೆ, ಇದಕ್ಕೇ ಅಂತ ಒಂದು ಪ್ರತ್ಯೇಕ ಕೋಣೆ ಇದೆ, "ಸ್ಥಳೀಯ ಇತಿಹಾಸ ವಿಭಾಗ". ಬೋರ್ಡೂ ಇದೆ. ಬೋರ್ಡ್ ಕೆಳಗೆ ಸಮಯ ಬರ್ದಿದೆ, ವಾರಕ್ಕೆ ಎರಡು ದಿನ, ಬೆಳಗ್ಗೆ ಹನ್ನೊಂದರಿಂದ ಒಂದು ಗಂಟೆವರೆಗೆ, ಅಂದ್ರೆ ಕೆಲಸಕ್ಕೆ ಹೋಗೋರು, ಓದೋಕ್ಕೆ ಹೋಗೋರು, ಮಕ್ಕಳನ್ನ ನೋಡ್ಕೊಳ್ಳೋರು ಇವ್ರನ್ನ ಬಿಟ್ಟು ಉಳಿದ ಸಮಸ್ತ ನಾಗರಿಕರಿಗೆ ಮುಕ್ತ ಪ್ರವೇಶ. ಒಳಗೆ ಹೋಗೋ ಮುಂಚೆ ಬ್ಯಾಗ್ ಹೊರಗಿಡಿ, ನೀರಿನ ಬಾಟ್ಲಿ ಹೊರಗಿಡಿ, ಪೆನ್ನು ತರ್ಬೇಡಿ ಪೆನ್ಸಿಲ್ ಮಾತ್ರ. ಈ ನಿಯಮಗಳ ಬಗ್ಗೆ ನಂಗೇನೂ ತಕರಾರಿಲ್ಲ, ಶಾಯಿ ಬಿದ್ರೆ ಹೋಗಲ್ಲ, ನೀರು ಬಿದ್ರೆ ಕಾಗದ ಹೋಗುತ್ತೆ, ಒಪ್ತೀನಿ. ಆದ್ರೆ ಮೇಲಿಂದ ಸೂರು ಸೋರ್ತಿರೋ ಕೋಣೇಲಿ ಬಾಟ್ಲಿ ನಿಷೇಧ ಮಾಡೋದು ನೋಡಿದಾಗ ನಗು ಬರುತ್ತಪ್ಪ. ಫ್ಲ್ಯಾಶ್ ಇಲ್ದೆ ಮೊಬೈಲಲ್ಲಿ ಫೋಟೋ ತೆಗಿಬಹುದಾ ಅಂದ್ರೆ ಆಗಲ್ಲ, ದಾಖಲೆಗೆ ಹಾನಿ. ಝೆರಾಕ್ಸ್ ಮಾಡಿಸ್ಕೋಬಹುದು. ಅಂದ್ರೆ ಮುಟ್ಟದೇ ಇರೋ ಕ್ಯಾಮೆರಾ ಹಾನಿಕರ, ಬೆನ್ನು ಮುರಿಯೋ ಹಾಗೆ ಪುಸ್ತಕವನ್ನ ಬೋರಲು ಹಾಕಿ, ಮೇಲೆ ಕೈಯಿಟ್ಟು ಒತ್ತಿ, ಬೆಳಕು ಹಾಯಿಸೋ ಮಿಷನ್ನು ಸುರಕ್ಷಿತ.

ಇನ್ನು ಚೀಟಿ ವ್ಯವಹಾರ. ಕಪಾಟು ಓದುಗರು ಮುಟ್ಟೋ ಹಾಗಿಲ್ಲ, ಏನು ಬೇಕೋ ಚೀಟೀಲಿ ಬರ್ಕೊಡಿ ತಂದ್ಕೊಡ್ತಾರೆ.

"ಏನೇನಿದೆ ಅಂತ ನೋಡಬಹುದಾ ಮೇಡಂ?"

"ಏನು ಬೇಕು ಹೇಳಿ."

"ಏನಿದೆ ಅಂತ ಗೊತ್ತಾದ್ರೆ ಏನು ಬೇಕು ಅಂತ ಹೇಳ್ತೀನಿ."

"ಏನು ಬೇಕು ಅಂತ ಹೇಳಿದ್ರೆ ಇದೆಯಾ ಇಲ್ವಾ ಹೇಳ್ತೀವಿ."

ಇದ್ರಲ್ಲಿ ಇಬ್ರದ್ದೂ ತಪ್ಪಿಲ್ಲ, ಮೇಡಂ ಪಾಪ ಒಬ್ರೇ ಮೂರು ವಿಭಾಗ ನೋಡ್ಕೋತಿದಾರೆ. ಆದ್ರೆ ಊರಿನ ಚರಿತ್ರೆಯ ಅರ್ಧ ಸರಕಿಗೆ ಹೆಸರೇ ಇರಲ್ಲ ಅನ್ನೋದೇ ಕಷ್ಟ. ಹಳೇ ನಾಟಕದ ಕರಪತ್ರ, ಬಸ್ ಟಿಕೆಟ್ಟು, ಅಂಗಡಿ ರಸೀದಿ, ಚುನಾವಣೆ ಪೋಸ್ಟರು, ಕುಟುಂಬದ ಫೋಟೋ, ಇವಕ್ಕೆಲ್ಲಾ ಲೇಖಕ ಯಾರು, ಶೀರ್ಷಿಕೆ ಏನು? ಕ್ಯಾಟಲಾಗ್ ಇರೋದು ಲೇಖಕ ಮತ್ತೆ ಶೀರ್ಷಿಕೆ ಪ್ರಕಾರ. ಹಾಗಾಗಿ ಕಂಡುಹಿಡಿಯೋಕ್ಕೆ ಮೊದಲೇ ಕಂಡುಹಿಡಿದಿರ್ಬೇಕು, ಅಷ್ಟೇ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವ್ರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರ್ದಿಟ್ರು, ನಾಲ್ಕನೇದು ಓದುಗರ ಸಮಯ ಉಳಿಸಿ ಅಂತ, ಐದನೇದು ಗ್ರಂಥಾಲಯ ಅನ್ನೋದು ಬೆಳೆಯುವ ಜೀವಿ ಅಂತ. ನಾಲ್ಕನೇದು ಬಿಟ್ಟಾಕಿ. ಐದನೇದನ್ನ ಗೆದ್ದಲುಗಳು ಶಿರಸಾವಹಿಸಿ ಪಾಲಿಸ್ತಿವೆ.

ಆದ್ರೆ ಒಂದ್ಸಲ ಒಳಗಿಂದ ಕಟ್ಟು ಹೊರಗೆ ಬಂತು ಅನ್ಕೊಳ್ಳಿ, ಅದ್ರ ಮಜಾನೇ ಬೇರೆ. ಹಳೇ ನಕ್ಷೆಗಳನ್ನೇ ತಗೊಳ್ಳಿ. ಅಮೆರಿಕದಲ್ಲಿ ಸ್ಯಾನ್‌ಬಾರ್ನ್ ಅನ್ನೋ ಕಂಪನಿ 1867ರಿಂದ ಬೆಂಕಿ ವಿಮೆಗೋಸ್ಕರ ಸಾವಿರಾರು ಪಟ್ಟಣಗಳ ನಕ್ಷೆ ಬರೀತು, ಮನೆ ಮನೆ ಲೆಕ್ಕ, ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ, ಕಲ್ಲಿಂದಕ್ಕೆ ನೀಲಿ. ಕಿಟಕಿ ಎಲ್ಲಿದೆ, ಎಷ್ಟು ಮಹಡಿ, ಒಳಗೆ ಬೇಕರಿನೋ ಕುದುರೆ ಲಾಯನೋ, ಎಲ್ಲಾ. ಊರಿನ ಮೇಲಿನ ಪ್ರೀತಿಗಲ್ಲ, ಬೆಂಕಿ ಬಿದ್ರೆ ಎಷ್ಟು ದುಡ್ಡು ಕೊಡಬೇಕಾಗುತ್ತೆ ಅನ್ನೋ ಭಯಕ್ಕೆ. ಊರಿನ ಬಗ್ಗೆ ಅತ್ಯಂತ ಕರಾರುವಾಕ್ಕಾದ ಚರಿತ್ರೆ ಬರ್ದಿರೋದು ಊರನ್ನ ಹೊಗಳಿದ ಕವಿಗಳಲ್ಲ, ವಿಮೆಯವ್ರು, ತೆರಿಗೆಯವ್ರು ಮತ್ತೆ ಪೊಲೀಸ್ನೋರು. ತಮಾಷೆ ಏನಪ್ಪಾ ಅಂದ್ರೆ ಹೊಸ ಕಟ್ಟಡ ಬಂದಾಗ ಪ್ರತೀಸಲ ಹೊಸ ನಕ್ಷೆ ಯಾರು ಅಚ್ಚು ಹಾಕ್ತಾರೆ ಅಂತ ಸಣ್ಣ ಚೀಟಿ ಅಚ್ಚು ಹಾಕಿಸಿ ಹಳೇ ಕಟ್ಟಡದ ಮೇಲೆ ಗೋಂದು ಹಚ್ಚಿ ಅಂಟಿಸ್ತಿದ್ರು. ನಿಮಗೆ ಬೇಕಾದ ಕಟ್ಟಡ ಆ ಚೀಟಿ ಕೆಳಗಿದೆ. ಚೀಟಿ ಕೀಳೋ ಹಾಗಿಲ್ಲ.

ಡೈರೆಕ್ಟರಿಗಳದ್ದು ಇನ್ನೊಂದು ಕಥೆ. ಫೋನು ಬರೋಕ್ಕೆ ಮುಂಚೆನೇ ದೊಡ್ಡ ನಗರಗಳಲ್ಲಿ ವರ್ಷವರ್ಷ ಡೈರೆಕ್ಟರಿ ಬರ್ತಿತ್ತು, ಯಾರು, ಏನು ಕಸುಬು, ಯಾವ ಬೀದಿ, ಯಾವ ನಂಬರ್. ಒಂದೇ ಮನೆಯನ್ನ ಮೂವತ್ತು ವರ್ಷ ಹಿಂಬಾಲಿಸಬಹುದು, ಟೈಲರ್ ಇದ್ದ, ಆಮೇಲೆ ಟೈಲರ್ ವಿಧವೆ ಇದ್ಲು, ಆಮೇಲೆ ಬಾಡಿಗೆದಾರರು ಬಂದ್ರು ಅಂತ ಒಂದು ಕಾದಂಬರಿ ಸಿಗುತ್ತೆ, ಮಧ್ಯದಲ್ಲಿ ನಗರಸಭೆ ಕೈ ಹಾಕದೇ ಇದ್ರೆ. 1909ರಲ್ಲಿ ಶಿಕಾಗೋದವ್ರು ನಗರದ ಮನೆ ನಂಬರ್‌ಗಳನ್ನೆಲ್ಲಾ ಬದಲಾಯಿಸಿಬಿಟ್ರು. ಒಳ್ಳೇ ಕೆಲಸನೇ, ಅದಕ್ಕೆ ಮುಂಚೆ ಅಲ್ಲಿ ವಿಳಾಸ ಹುಡುಕೋದು ಅಂದ್ರೆ ಗ್ರಹಚಾರ. ಆದ್ರೆ ಈಗ ಹಳೇ ಮನೆ ಹುಡುಕೋನು ಮೊದ್ಲು ಹಳೇ ನಂಬರಿಂದ ಹೊಸ ನಂಬರಿಗೆ ಬದಲಾಯಿಸೋ ಪುಸ್ತಕ ಹುಡುಕ್ಬೇಕು. ಶಿಕಾಗೋದವ್ರು ಆ ಪುಸ್ತಕನಾದ್ರೂ ಅಚ್ಚು ಹಾಕಿದಾರೆ. ಬೀದಿ ಹೆಸರನ್ನ ಆಡಳಿತ ಬದಲಾದ ಹಾಗೆಲ್ಲಾ ಬದಲಾಯಿಸೋ ಊರುಗಳಲ್ಲಿ ಹಳೇ ಹೆಸರಿನ ಪಟ್ಟಿ ಕೇಳಿದ್ರೆ, "ಹಳೇದು ಯಾಕ್ರೀ, ಹೊಸದಿದೆಯಲ್ಲ" ಅಂತಾರೆ. ಹಾಗಂದೋರೇ ಸಂಜೆ ಭವ್ಯ ಇತಿಹಾಸದ ಸಭೇಲಿ ಮುಖ್ಯ ಅತಿಥಿ.

ಹಳೇ ಪತ್ರಿಕೆ ವಿಷಯಕ್ಕೆ ಬಂದ್ರೆ ನಂಗೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತೆ, ಹಳದಿಯಾಗಿ ಮುರುಕಲಾಗುತ್ತೆ, ನಿಜ. ಅದು ಎಷ್ಟು ಮುರುಕಲು ಅಂತ ತಿಳ್ಕೊಳ್ಳೋಕ್ಕೆ ಒಂದು ಪರೀಕ್ಷೆ ಚಾಲ್ತೀಲಿತ್ತು, ಪುಟದ ಮೂಲೆಯನ್ನ ಹಿಂದಕ್ಕೊಂದ್ಸಲ ಮುಂದಕ್ಕೊಂದ್ಸಲ ಮಡಚಿ ಮಡಚಿ ನೋಡೋದು, ಮುರೀತು ಅಂದ್ರೆ ಪುಸ್ತಕ ದುರ್ಬಲ ಅಂತ ತೀರ್ಮಾನ. ಅಜ್ಜನ ಕೈ ಗಟ್ಟಿ ಇದೆಯಾ ಅಂತ ತಿರುಚಿ ನೋಡಿ, ಮುರಿದ ಮೇಲೆ, ನೋಡಿ ನಾನು ಹೇಳಿರ್ಲಿಲ್ವಾ ಅಂದಂಗೆ. ಹೀಗೆ ಫೇಲ್ ಆದದ್ದನ್ನ ಮೈಕ್ರೋಫಿಲ್ಮ್ ಮಾಡಿ, ಅಂದ್ರೆ ಪುಟಗಳನ್ನ ಪುಟಾಣಿ ಫೋಟೋ ಆಗಿ ಫಿಲ್ಮಿಗಿಳಿಸಿ, ಮೂಲ ಪ್ರತಿಯನ್ನ ಸಾಗಹಾಕೋದು ಎಷ್ಟೋ ವರ್ಷ ನಡೀತು. 1999ರಲ್ಲಿ ಬ್ರಿಟಿಷ್ ಲೈಬ್ರರಿಯೂ ತನ್ನ ಹತ್ರ ಇದ್ದ ಅಮೆರಿಕದ ಹಳೇ ಪತ್ರಿಕೆಗಳ ಬೈಂಡ್ ಸಂಪುಟಗಳನ್ನ, ಫಿಲ್ಮ್ ಇದೆಯಲ್ಲ ಅಂತ, ಮಾರೋಕ್ಕಿಡ್ತು. ಫಿಲ್ಮಲ್ಲಿ ಬಣ್ಣದ ಪುಟ ಕಪ್ಪುಬಿಳುಪಾಯ್ತು, ಫೋಟೋಗಳು ಮಸಿ ಮುದ್ದೆ ಆದ್ವು, ಹಳೇ ಅಸಿಟೇಟ್ ಫಿಲ್ಮು ತಾನೇ ಕೊಳೆಯೋಕ್ಕೆ ಶುರುವಾಗಿ ವಿನಿಗರ್ ವಾಸನೆ ಹೊಡೀತಿದೆ, ಮಾರಿದ ಕಾಗದ ಮಾತ್ರ ಕೊಂಡವರ ಕೈಗೆ ಓದೋ ಹಾಗೇ ಸಿಕ್ತು. ಇನ್ನು ಫಿಲ್ಮ್ ನೋಡೋ ಮಿಷನ್ನು. ಅದು ಪ್ರತಿ ಲೈಬ್ರರೀಲೂ ಎರಡಿರುತ್ತೆ. ಒಂದು ಕೆಟ್ಟಿರುತ್ತೆ, ಇನ್ನೊಂದರ ಬಿಡಿಭಾಗ ತೆಗೆದು ಮೊದಲನೇದಕ್ಕೆ ಹಾಕಿರ್ತಾರೆ.

ಇಷ್ಟಕ್ಕೆಲ್ಲಾ ಪರಿಹಾರ ಅಂತ ಈಗ ಡಿಜಿಟಲ್ ಬಂದಿದೆ. ರಿಬ್ಬನ್ ಕತ್ತರಿಸ್ತಾರೆ, ಸ್ಕ್ಯಾನರ್ ಮುಂದೆ ನಿಂತು ಫೋಟೋ ತೆಗಿಸ್ಕೋತಾರೆ, ಮುಂದಿನ ವರ್ಷ ಹೊಸಬ್ರು ಬಂದು ಇನ್ನೊಂದು ಹೆಸರಿಟ್ಟು ಮತ್ತೆ ರಿಬ್ಬನ್. ಡಿಜಿಟಲ್ ಅಂದ ತಕ್ಷಣ ಅಜರಾಮರ ಅನ್ಕೊಂಡೋರು ಬ್ರಿಟನ್ನಿನ ಕಥೆ ಕೇಳ್ಬೇಕು. 1086ರಲ್ಲಿ ಅಲ್ಲಿ ವಿಲಿಯಂ ದೊರೆ ಊರೂರಿನ ಜಮೀನು ದನ ಗಾಣ ಎಲ್ಲಾ ಲೆಕ್ಕ ಹಾಕಿಸಿ ಡೂಮ್ಸ್‌ಡೇ ಬುಕ್ ಅಂತ ಚರ್ಮದ ಹಾಳೆ ಮೇಲೆ ಬರೆಸಿಟ್ಟ. ಅದಕ್ಕೆ 900 ವರ್ಷ ಆಯ್ತು ಅಂತ 1986ರಲ್ಲಿ ಬಿಬಿಸಿಯವ್ರು ಅದೇ ಥರ ಊರೂರ ಮಾಹಿತಿ ಕೂಡಿಸಿ, ಶಾಲೆ ಮಕ್ಕಳಿಂದೆಲ್ಲಾ ಬರೆಸಿ, ಲೇಸರ್ ಡಿಸ್ಕಿಗೆ ತುಂಬಿದ್ರು. ಹದಿನೈದು ವರ್ಷ ಕಳೆಯೋದ್ರಲ್ಲಿ ಆ ಡಿಸ್ಕು ಓದೋ ಯಂತ್ರನೇ ಸಿಗದೆ ತಜ್ಞರು ಕೂತು ಅದನ್ನ ಬದುಕಿಸೋ ಪ್ರಾಜೆಕ್ಟ್ ಮಾಡಬೇಕಾಯ್ತು. 1086ರ ಕುರಿ ಚರ್ಮ ಆರಾಮಾಗಿದೆ, ಅದಕ್ಕೆ ಚಾರ್ಜರ್ ಬೇಕಿಲ್ಲ.

ಇದೆಲ್ಲಾ ಸಣ್ಣಪುಟ್ಟದ್ದು. ಅಭಿವೃದ್ಧಿ ಮತ್ತೆ ಚರಿತ್ರೆ ನೇರಾನೇರ ಡಿಕ್ಕಿ ಹೊಡೆದಿದ್ದು ಜರ್ಮನಿಯ ಕೊಲೋನ್‌ನಲ್ಲಿ. 2009ರ ಮಾರ್ಚ್ 3ರಂದು ಅಲ್ಲಿನ ನಗರ ದಾಖಲೆಗಳ ಭಂಡಾರ, ಸುಮಾರು 30 ಕಿಲೋಮೀಟರ್ ಉದ್ದದ ಕಪಾಟುಗಳು, ಸಾವಿರ ವರ್ಷ ಹಿಂದಿನ ಪತ್ರಗಳು, ಇಡೀ ಕಟ್ಟಡವೇ ಪಕ್ಕದಲ್ಲಿ ತೋಡ್ತಿದ್ದ ಮೆಟ್ರೋ ಗುಂಡಿಯೊಳಗೆ ಕುಸೀತು. ಅಕ್ಕಪಕ್ಕದ ಮನೆಗಳಲ್ಲಿದ್ದ ಇಬ್ರು ಸತ್ರು, ಅದ್ರಲ್ಲಿ ನಗೋದಕ್ಕೆ ಏನೂ ಇಲ್ಲ. ಯುದ್ಧದ ಬಾಂಬುಗಳಿಂದ ಪಾರಾಗಿದ್ದ ಕಾಗದಗಳು ಅವು. ಮಣ್ಣಿಂದ ಹೆಕ್ಕಿ, ಒದ್ದೆ ಆದದ್ದನ್ನ ಫ್ರೀಜ್ ಮಾಡಿ ಒಣಗಿಸಿ, ಚೂರು ಚೂರು ಜೋಡಿಸೋ ಕೆಲಸ ಎಷ್ಟೋ ವರ್ಷ ನಡೀತು, ಬಹುಪಾಲು ಸಿಕ್ಕಿತು ಕೂಡ. ಅಷ್ಟು ಹಠ ಅವ್ರಿಗಿತ್ತು. ಬಹಳಷ್ಟು ಊರುಗಳಲ್ಲಿ ದಾಖಲೆ ಹಾಳು ಮಾಡೋದಕ್ಕೆ ಗುಂಡಿ ತೋಡೋ ಖರ್ಚೂ ಇಲ್ಲ, ಸುಮ್ನೆ ಜಾಗ ಇಲ್ಲ ಅಂತ ಒಂದು ಫೈಲು ಓಡಾಡಿದ್ರೆ ಸಾಕು.

ಇಷ್ಟರ ಮಧ್ಯೆ ಊರಿನ ಚರಿತ್ರೆ ಉಳಿದಿರೋದು ಒಂದೇ ಕಡೆ, ಮೂಲೆ ಮೇಜಿನ ಹಿರಿಯ ಲೈಬ್ರರಿಯನ್ ತಲೇಲಿ. ಕ್ಯಾಟಲಾಗಲ್ಲಿ ಇಲ್ಲದ್ದೆಲ್ಲಾ ಅವ್ರಿಗೆ ಗೊತ್ತು. ಮೂವತ್ತು ವರ್ಷ ಪತ್ರಿಕೆ ಕತ್ತರಿಸಿ ಲಕೋಟೆಗೆ ಹಾಕಿ ಕಟಿಂಗ್ ಫೈಲ್ ಮಾಡಿದೋರೂ ಅವ್ರೇ. ಮೊನ್ನೆ ನಿವೃತ್ತಿ ಆದ್ರು. ಅವ್ರಿಗೊಂದು ಹಾರ, ಶಾಲು, ಗುಂಪು ಫೋಟೋ. ಅವ್ರನ್ನ ಕೂರಿಸ್ಕೊಂಡು ಎಲ್ಲೆಲ್ಲಿ ಏನಿದೆ ಅಂತ ಒಂದು ವಾರ ಬರ್ಕೊಳ್ಳೋಣ ಅಂತ ಯಾರಿಗೂ ಹೊಳೀಲಿಲ್ಲ, ಹೊಳೆದಿದ್ರೂ ಅದಕ್ಕೆ ಹೆಡ್ ಆಫ್ ಅಕೌಂಟ್, ಅಂದ್ರೆ ಖರ್ಚು ತೋರ್ಸೋಕ್ಕೆ ಲೆಕ್ಕದ ಬಾಬ್ತು, ಇಲ್ಲ. ಈಗ ಆ ಪಾಳು ಕಟ್ಟಡದ ಫೈಲ್ ತೆಗೆಸಿದ್ರೆ ಲಕೋಟೆ ಒಳಗೆ ಒಂದೇ ಚೀಟಿ, "ನೋಡಿ: ಪುರಾತನ ಕಟ್ಟಡಗಳು". ಆ ಲಕೋಟೆ ತೆಗೆಸಿದ್ರೆ, "ನೋಡಿ: ಪಾರಂಪರಿಕ ಕಟ್ಟಡಗಳು". ಅದನ್ನೂ ತೆಗೆಸಿದ್ರೆ, "ನೋಡಿ: ಪಾಳು ಕಟ್ಟಡಗಳು".

ಒಂದು ಗಂಟೆ ಆಯ್ತು, ಕೋಣೆ ಮುಚ್ತಾರೆ. ಹೊರಗೆ ಬರ್ತಾ ಭೇಟಿ ರಿಜಿಸ್ಟರಲ್ಲಿ ಸಹಿ ಹಾಕ್ಬೇಕು, ಹೆಸ್ರು, ಉದ್ದೇಶ, ಸಮಯ. ಪುಟದಲ್ಲಿ ಇರೋದು ಮೂರು ಸಾಲು, ಮೊದಲನೇದ್ರ ಉದ್ದೇಶ "ಪೇಪರ್ ಓದಲು", ಎರಡನೇದ್ರದ್ದು "ಫ್ಯಾನ್", ಮೂರನೇದು ಹೋದ ತಿಂಗಳು ಬಂದಿದ್ದ ನಮ್ಮ ತಲೆಹರಟೆಯ ಸಹಿಯೇ. ಇವನಿಗೆ ಮತ್ತೆ ಚಪಲ. ಐವತ್ತು ವರ್ಷದ ಹಿಂದೆ ಇಲ್ಲಿ ಕೂತು ಯಾರ್ಯಾರು ಏನೇನು ಹುಡುಕ್ತಿದ್ರು ಅಂತ ಗೊತ್ತಾದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ ಅನ್ಸಿ ಕೇಳೇಬಿಟ್ಟ, "ಮೇಡಂ, ಇದ್ರ ಹಳೇ ರಿಜಿಸ್ಟರ್‌ಗಳು ಇದಾವಾ?"

"ಇದ್ವು ಸಾರ್. ಸ್ಥಳೀಯ ಇತಿಹಾಸ ವಿಭಾಗಕ್ಕೆ ಜಾಗ ಮಾಡ್ಬೇಕಿತ್ತಲ್ಲ, ತೂಕಕ್ಕೆ ಹಾಕಿದ್ವಿ."