ಗಿಮುರನು ಬಿಸುಕೆ ಲಡಪಿದ ಕಥೆ ಮತ್ತು ಇಂಗ್ಲಿಷ್ ಪೇಪರಿನ ನಾಲ್ಕು ಅಂಕ

ಮೊದಲು ಈ ಸಾಲುಗಳನ್ನು ಓದಿ.

"ಗಿಮುರನು ತೊಪ್ಪಳೆಯಲ್ಲಿ ಮೂರು ಬಿಸುಕೆಗಳನ್ನು ಲಡಪಿದನು. ಇದರಿಂದ ಸೊರಗೆಮ್ಮನಿಗೆ ತುಂಬಾ ಚಿಬುಕು ಬಂತು. ಅವಳು ಗಿಮುರನ ಕೈಯಿಂದ ಜೊಂಪರಿಯನ್ನು ಕಿತ್ತುಕೊಂಡಳು."

ಈಗ ಪ್ರಶ್ನೆ. ಒಂದು, ಗಿಮುರನು ಎಲ್ಲಿ, ಎಷ್ಟು ಬಿಸುಕೆಗಳನ್ನು ಲಡಪಿದನು? ಎರಡು, ಸೊರಗೆಮ್ಮನಿಗೆ ಚಿಬುಕು ಬರಲು ಕಾರಣವೇನು? ಆಮೇಲೆ ಅವಳು ಏನು ಮಾಡಿದಳು?

ಉತ್ತರ ಸಲೀಸಾಗಿ ಬಂತಲ್ವಾ? ತೊಪ್ಪಳೆಯಲ್ಲಿ, ಮೂರು. ಗಿಮುರನು ಬಿಸುಕೆ ಲಡಪಿದ್ದರಿಂದ ಚಿಬುಕು ಬಂತು. ಜೊಂಪರಿ ಕಿತ್ತುಕೊಂಡಳು. ಎರಡೂ ಪ್ರಶ್ನೆಗೆ ಎರಡೆರಡು ಅಂಕ, ನಾಲ್ಕಕ್ಕೆ ನಾಲ್ಕು. ಬಿಸುಕೆ ಅಂದರೆ ಏನು ಅಂತ ಮಾತ್ರ ನನ್ನನ್ನು ಕೇಳಬೇಡಿ. ಈಗಷ್ಟೇ ಕೂತು ಹುಟ್ಟಿಸಿದ ಪದ ಅದು. ಲಡಪುವುದು ತಿನ್ನುವುದೋ, ಒಡೆಯುವುದೋ, ಕದಿಯುವುದೋ, ಯಾರಿಗೆ ಗೊತ್ತು.

ನಾನು ಹಿರಿಯೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ 'ಅನ್‌ಸೀನ್ ಪ್ಯಾಸೇಜ್' ಅಭ್ಯಾಸ ಅಂತ ನಾವು ಮಾಡಿಸುವುದು ಹೆಚ್ಚುಕಮ್ಮಿ ಇದನ್ನೇ. ದ್ವಿತೀಯ ಭಾಷೆ ಇಂಗ್ಲಿಷಿನ 80 ಅಂಕದ ಪೇಪರಿನಲ್ಲಿ ಪಠ್ಯದಲ್ಲಿ ಇಲ್ಲದ ಒಂದು ಪ್ಯಾಸೇಜ್ ಕೊಟ್ಟು, ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಇದಕ್ಕೆ ನಾಲ್ಕು ಅಂಕ. ಓದಿನಲ್ಲಿ ಹಿಂದಿರುವ ಮಕ್ಕಳನ್ನು ಪಾಸು ಮಾಡಿಸಲು ಸುಲಭದ ಪ್ರಶ್ನೆ ಆರಿಸಿ ಕೊಡುವ 'ಪಾಸಿಂಗ್ ಪ್ಯಾಕೇಜಿ'ನಲ್ಲಿ ಇದರದ್ದು ಖಾಯಂ ಜಾಗ. ಏಕೆಂದರೆ ಏನೂ ಓದದ ಹುಡುಗನಿಗೂ ಇಲ್ಲಿ ಅಂಕ ಬರುತ್ತದೆ.

ಉಪಾಯ ಎಲ್ಲರಿಗೂ ಗೊತ್ತಿರುವುದೇ. ಪ್ರಶ್ನೆಯಲ್ಲಿರುವ ವಾಟ್, ವೇರ್, ವೈ ಪಕ್ಕಕ್ಕಿಡು. ಉಳಿದ ಪದಕ್ಕೆ ಅಡಿಗೆರೆ ಎಳಿ. ಅದೇ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕು. ಆ ಸಾಲನ್ನು ಪೂರ್ತಿ ಇಳಿಸು. ಡೌಟಿದ್ದರೆ ಅದರ ಹಿಂದಿನದು ಮುಂದಿನದು ಎರಡನ್ನೂ ಸೇರಿಸಿ ಇಳಿಸು, ಎಲ್ಲೋ ಒಂದು ಕಡೆ ಉತ್ತರ ಇದ್ದೇ ಇರುತ್ತೆ! ಫೆಬ್ರವರಿ ಬಂದಾಗ ನಾನೂ ಇದನ್ನು ಹೇಳಿಕೊಡುತ್ತೇನೆ. ಅದಕ್ಕೆ ನನಗೇನೂ ನಾಚಿಕೆ ಇಲ್ಲ. ಪಾಸಿನ ಗೆರೆಯ ಅಂಚಿನಲ್ಲಿ ನಿಂತ ಮಗುವಿಗೆ ಆ ನಾಲ್ಕು ಅಂಕದ ಬೆಲೆ ಏನು ಅಂತ ಎ ಪ್ಲಸ್ ತೆಗೆದವರು ಪಾಠ ಹೇಳಬಾರದು. ನನ್ನ ತಕರಾರು ಇರುವುದು ಜೂನ್ ತಿಂಗಳಲ್ಲೂ ಇದನ್ನೇ ಮಾಡಿಸುವುದರ ಬಗ್ಗೆ. ಎಂಟನೇ ಕ್ಲಾಸಿನಲ್ಲೂ ಇದನ್ನೇ ಮಾಡಿಸಿ, ಇದಕ್ಕೆ 'ಓದಿ ಅರ್ಥ ಮಾಡಿಕೊಳ್ಳುವುದು' ಅಂತ ಹೆಸರಿಡುವುದರ ಬಗ್ಗೆ.

ಈ ಉಪಾಯ ಚೆನ್ನಾಗಿ ಕಲಿತ ಮಗು ಪ್ಯಾಸೇಜನ್ನು ಓದುವುದೇ ಇಲ್ಲ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಅಂತಲೇ ಶುರುವಿನಲ್ಲಿ 15 ನಿಮಿಷ ಕೊಡುತ್ತಾರೆ. ಆ ಹೊತ್ತಿನಲ್ಲಿ ನಮ್ಮ ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ಬಾಯಿಪಾಠದ ಪದ್ಯ ತಾವು ಕಲಿತದ್ದೇ ಬಂದಿದೆಯಾ ಅಂತ ಮೊದಲು ನೋಡುತ್ತಾರೆ. ಬಂದಿದ್ದರೆ ಮುಖ ಅರಳುತ್ತದೆ. ಮರೆಯುವ ಮುಂಚೆ ಒಳಗೊಳಗೇ ಹೇಳಿಕೊಳ್ಳುತ್ತಾ ಕೂರುತ್ತಾರೆ. ಪ್ಯಾಸೇಜಿನ ಕಡೆ ಯಾರೂ ತಿರುಗುವುದಿಲ್ಲ. ಅದು ಹೇಗೂ ಹುಡುಕಿ ಇಳಿಸುವ ಕೆಲಸ, ಕೊನೆಗಾದರೂ ಆಯಿತು.

ಇದು ನಮ್ಮ ರಾಜ್ಯದ ಕಥೆ ಮಾತ್ರ ಅಂತಲೂ ತಿಳಿಯಬೇಡಿ. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡುವ ಅಸರ್ ಸಮೀಕ್ಷೆ 2023ರಲ್ಲಿ ಹಳ್ಳಿಗಾಡಿನ 14ರಿಂದ 18 ವರ್ಷದ ಮಕ್ಕಳನ್ನು ಮಾತಾಡಿಸಿತ್ತು. 26 ರಾಜ್ಯ, 28 ಜಿಲ್ಲೆ. ಇಂಗ್ಲಿಷಿನ ಸರಳ ವಾಕ್ಯಗಳನ್ನು ಓದಿದವರು ಶೇಕಡಾ 57.3. ಎಲ್ಲರೂ ಇದನ್ನೇ ಹಿಡಿದು ಬೇಜಾರು ಮಾಡಿಕೊಂಡರು. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮುಂದಿನ ಅಂಕಿ. ಹಾಗೆ ಓದಿದವರಲ್ಲಿ ಅರ್ಥ ಹೇಳಿದವರು ಶೇಕಡಾ 73.5. ಅಂದರೆ ತಡವರಿಸದೆ ಗಟ್ಟಿಯಾಗಿ ಓದಿದ ನಾಲ್ವರಲ್ಲಿ ಒಬ್ಬರಿಗೆ ತಾವು ಓದಿದ್ದು ಏನು ಅಂತ ತಿಳಿದಿರಲಿಲ್ಲ. ಅದೂ ಪುಟ್ಟ ಪುಟ್ಟ ವಾಕ್ಯಗಳಲ್ಲಿ.

ನಮ್ಮಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾಗಿದ್ದು 2007-08ರಲ್ಲಿ. ಈಗ ಹತ್ತನೇ ಕ್ಲಾಸಿನಲ್ಲಿರುವ ಮಗು ಒಂಬತ್ತು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡೇ ಬಂದಿದೆ. ಹಾಗಿದ್ದರೆ ಎಲ್ಲಿ ಎಡವುತ್ತದೆ? 'ವೊಕಾಬ್ಯುಲರಿ ವೀಕು ಸರ್' ಅನ್ನುವುದು ಸ್ಟಾಫ್ ರೂಮಿನ ಸಿದ್ಧ ಉತ್ತರ. ಪೂರ್ತಿ ಸುಳ್ಳಲ್ಲ. ಆದರೆ ಮಕ್ಕಳ ಪಕ್ಕದಲ್ಲಿ ಕೂತು ಒಂದೊಂದೇ ವಾಕ್ಯ ಓದಿಸಿದರೆ ಕಾಣುವುದು ಬೇರೆ.

ಒಂದು ವಾಕ್ಯ ನೋಡಿ. 'ದಿ ಓಲ್ಡ್ ಮ್ಯಾನ್ ಹೂ ಸೋಲ್ಡ್ ದ ಬುಲ್ಸ್ ಟು ಮೈ ಅಂಕಲ್ ಈಸ್ ಇಲ್.' ಇದರಲ್ಲಿ ಮಕ್ಕಳಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಬೇಕಾದರೆ ಬಿಡಿಬಿಡಿಯಾಗಿ ಕೇಳಿ, ಎಲ್ಲದಕ್ಕೂ ಅರ್ಥ ಹೇಳುತ್ತಾರೆ. 'ಹುಷಾರಿಲ್ಲದೆ ಇರೋದು ಯಾರಿಗೆ?' ಅಂತ ಕೇಳಿದರೆ ಅರ್ಧ ಕ್ಲಾಸು ಒಕ್ಕೊರಲಿನಲ್ಲಿ, 'ಅಂಕಲ್‌ಗೆ ಸರ್!'

ಸುಮ್ನೆ ಹೇಳಿದ್ದಲ್ಲ ಅದು, ಅದಕ್ಕೊಂದು ಲೆಕ್ಕ ಇದೆ. ನಾವು ಅದನ್ನೇ 'ನಮ್ಮ ಮಾವನಿಗೆ ಎತ್ತು ಮಾರಿದ ಮುದುಕನಿಗೆ ಹುಷಾರಿಲ್ಲ' ಅನ್ನುತ್ತೇವೆ. ವಿವರ ಎಲ್ಲ ಮೊದಲೇ ಬಂದು ಹೋಗುತ್ತದೆ. ಯಾರ ಸುದ್ದಿ ಅನ್ನುವುದು ಕೊನೆಯಲ್ಲಿ, ಕ್ರಿಯಾಪದದ ಮಗ್ಗುಲಲ್ಲೇ ಇರುತ್ತದೆ. ಹುಟ್ಟಿದಾಗಿನಿಂದ ಹೀಗೆ ಕೇಳಿಸಿಕೊಂಡು ಬೆಳೆದ ಮಗು ಇಂಗ್ಲಿಷಿನಲ್ಲೂ 'ಈಸ್ ಇಲ್' ಪಕ್ಕ ಯಾರಿದ್ದಾರೆ ಅಂತ ನೋಡುತ್ತದೆ. ಅಲ್ಲಿ ಅಂಕಲ್ ನಿಂತಿದ್ದಾನೆ. ಪಾಪ, ಅವನಿಗೆ ಜ್ವರ ಬಂತು.

ಇದನ್ನು ಸರಿಪಡಿಸಲು ನೂರು ಪ್ಯಾಸೇಜ್ ಬೇಡ. ಪೆನ್ಸಿಲ್ ಕೊಟ್ಟು 'ಹೂ'ದಿಂದ 'ಅಂಕಲ್' ತನಕ ಕಂಸ ಹಾಕಿಸಿ. ಕಂಸದ ಹೊರಗೆ ಏನು ಉಳಿಯಿತು ಅಂತ ಓದಿಸಿ. 'ದಿ ಓಲ್ಡ್ ಮ್ಯಾನ್ ಈಸ್ ಇಲ್.' ಓಹೋ ಅನ್ನುತ್ತಾರೆ. ಆಮೇಲೆ ಕಂಸದೊಳಗಿನದನ್ನು ಕನ್ನಡದಲ್ಲಿ ಹೇಳಿಸಿ, 'ಎಂಥ ಮುದುಕ?' ಅಂತ ಕೇಳಿ. ದಿನಕ್ಕೆ ಇಂಥ ಐದು ವಾಕ್ಯ ಸಾಕು. ಹದಿನೈದು ದಿನದಲ್ಲಿ ಮಕ್ಕಳು ತಾವೇ ಕಂಸ ಹಾಕಲು ಶುರು ಮಾಡುತ್ತಾರೆ. ಇದಕ್ಕೆ ಪ್ರೊಜೆಕ್ಟರ್ ಬೇಡ, ತರಬೇತಿಯೂ ಬೇಡ. ಆದರೆ ಕನ್ನಡ ಬೇಕು. 'ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಮಾತಾಡಬಾರದು' ಅಂತ ಹೇಳುವವರು ಈ ಒಂದು ವಾಕ್ಯವನ್ನು ಬರೀ ಇಂಗ್ಲಿಷಿನಲ್ಲಿ ನಮ್ಮ ಮಕ್ಕಳಿಗೆ ತಿಳಿಸಿ ತೋರಿಸಲಿ, ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇನೆ.

ಎಡವುವ ಇನ್ನೊಂದು ಜಾಗ ಸಣ್ಣ ಪದಗಳು. ಪಾಠದ ಕೊನೆಯಲ್ಲಿ ದೊಡ್ಡ ದೊಡ್ಡ ಪದಗಳಿಗೆ ಅರ್ಥ ಕೊಟ್ಟಿರುತ್ತಾರೆ, ಗೈಡಿನಲ್ಲಂತೂ ಪುಟಗಟ್ಟಲೆ. ಹಾರ್ಡ್ಲಿ, ಅನ್‌ಲೆಸ್, ದೋ, ಇನ್‌ಸ್ಟೆಡ್ ಆಫ್, ಇವುಗಳನ್ನು ಕೇಳುವವರಿಲ್ಲ. 'ಇಟ್ ಹಾರ್ಡ್ಲಿ ರೇನ್ಡ್ ದಟ್ ಇಯರ್', ಅಂದರೆ ಆ ವರ್ಷ ಮಳೆ ಬಂದೇ ಇಲ್ಲ ಅನ್ನಬಹುದು, ಅಂತ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. 'ಆ ವರ್ಷ ಮಳೆ ಹಾರ್ಡಾಗಿ ಹೊಡೀತು ಸರ್' ಅಂತ ಉತ್ತರ ಬರುತ್ತದೆ. ಆಯಿತು, ಬರಗಾಲದ ಪ್ಯಾಸೇಜು ಪ್ರವಾಹದ ಪ್ಯಾಸೇಜ್ ಆಯಿತು. ಅಲ್ಲಿಂದ ಮುಂದೆ ಆ ಮಗು ಓದುವ ಒಂದೊಂದು ಸಾಲೂ ತಪ್ಪು ದಾರಿಯಲ್ಲೇ. ಆದರೂ ಸಾಲು ಹುಡುಕಿ ಇಳಿಸಿದರೆ ನಾಲ್ಕಕ್ಕೆ ನಾಲ್ಕು ಅಂಕ ಸಿಗುತ್ತದೆ! ಅಂಕ ನೋಡಿದ ಮೇಷ್ಟರಿಗೂ ಏನೂ ತಿಳಿಯುವುದಿಲ್ಲ, ಮಗುವಿಗೂ ತಿಳಿಯುವುದಿಲ್ಲ.

ಇನ್ನು ಅಭ್ಯಾಸದ ಪುಸ್ತಕಗಳಲ್ಲಿ ಬರುವ ಪ್ಯಾಸೇಜುಗಳು. ಮಕ್ಕಳು ಕಂಡು ಕೇಳದ ವಿಷಯ ಕೊಟ್ಟು 'ಓದೋಕೆ ಬರಲ್ಲ' ಅಂದುಬಿಡುತ್ತೇವೆ. 1988ರಲ್ಲಿ ಅಮೆರಿಕದಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅನ್ನುವವರು ಒಂದು ಪ್ರಯೋಗ ಮಾಡಿದ್ದರು. ನಮ್ಮ ಏಳು, ಎಂಟನೇ ಕ್ಲಾಸಿನ ವಯಸ್ಸಿನ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ವರದಿ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು ಓದಿದ್ದನ್ನು ಚೆನ್ನಾಗಿ ಹೇಳಿದರು. ಓದಿನಲ್ಲಿ ಜಾಣರಾದರೂ ಆಟ ಗೊತ್ತಿಲ್ಲದವರು ಅವರಿಗಿಂತ ಹಿಂದೆ ಬಿದ್ದರು. ನಮ್ಮಲ್ಲಿ ಕ್ರಿಕೆಟ್ ಕೊಟ್ಟು ನೋಡಿ, ಕೊನೆಯ ಬೆಂಚು ಮುಂದೆ ಬರುತ್ತದೆ.

ನಾನೇ ಒಂದು ಸಲ ನಮ್ಮ ಹಿರಿಯೂರು ಕಡೆಯದೇ ಆದ ವಾಣಿ ವಿಲಾಸ ಸಾಗರದ ಮೇಲೆ ಪ್ಯಾಸೇಜ್ ಬರೆದೆ. ವೇದಾವತಿ ನದಿ, ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಇಷ್ಟೇ ವಿಷಯ, ಹತ್ತು ಹನ್ನೆರಡು ವಾಕ್ಯ. 'ಓವರ್‌ಫ್ಲೋಡ್' ಅನ್ನುವ ಪದವನ್ನು ನಾನು ಹೇಳಿಕೊಡಲೇ ಇಲ್ಲ. ಓದುತ್ತಾ ಓದುತ್ತಾ ಒಬ್ಬ ಹುಡುಗ ತಾನೇ 'ಕೋಡಿ ಬಿದ್ದಿದ್ದು ಸರ್ ಇದು' ಅಂದ. ಅವನು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬಾಯಿ ಬಿಟ್ಟವನೇ ಅಲ್ಲ.

ಕೊನೆಗೆ ಸಾಲು ಇಳಿಸಲು ಬರದಂಥ ಒಂದು ಪ್ರಶ್ನೆ ಹಾಕಿದೆ. ಕೋಡಿಯ ನೀರು ನೋಡಲು ಅಷ್ಟೊಂದು ಜನ ಏಕೆ ಬಂದರು? ಪ್ಯಾಸೇಜಿನಲ್ಲಿ 'ಬಿಕಾಸ್' ಅಂತ ಎಲ್ಲೂ ಇಲ್ಲ. 89 ವರ್ಷ ಅನ್ನುವ ಅಂಕಿ ಮಾತ್ರ ಇದೆ. ಸಾಲು ಹುಡುಕುವುದರಲ್ಲಿ ಪಳಗಿದ ಮಕ್ಕಳು ಮೇಲೆ ಕೆಳಗೆ ಮೂರು ಸಲ ಬೆರಳಾಡಿಸಿ, 'ಆನ್ಸರೇ ಇಲ್ಲ ಸರ್, ಪ್ರಿಂಟ್ ಮಿಸ್ಟೇಕು' ಅಂದರು. ಅದೇ ಹುಡುಗ ಕನ್ನಡದಲ್ಲಿ ಹೇಳಿದ: 'ನಮ್ಮಜ್ಜನೂ ನೋಡಿರಲಿಲ್ಲ ಸರ್, ಅದಕ್ಕೇ ಎಲ್ಲಾರೂ ಹೋಗಿದ್ದು.'

ಇದು ಪಕ್ಕಾ ಉತ್ತರ. ಆ ಹುಡುಗ ಪ್ಯಾಸೇಜ್ ಓದಿದ್ದಾನೆ, ಲೆಕ್ಕ ಹಾಕಿದ್ದಾನೆ, ಬರೆಯದೆ ಬಿಟ್ಟದ್ದನ್ನೂ ಹಿಡಿದಿದ್ದಾನೆ. ಬೋರ್ಡ್ ಪರೀಕ್ಷೆಯಲ್ಲಿ ಇದನ್ನೇ ಕನ್ನಡದಲ್ಲಿ ಬರೆದಿದ್ದರೆ ಸೊನ್ನೆ. ಏನೂ ತಿಳಿಯದೆ ಹಿಂದಿನ ಮುಂದಿನ ಸಾಲು ಸೇರಿಸಿ ಇಳಿಸಿದವನಿಗೆ ಎರಡು.

ಅದಕ್ಕೇ ನನ್ನ ವಾದ ಇಷ್ಟು. ಅನ್‌ಸೀನ್ ಪ್ಯಾಸೇಜಿನ ಒಂದು ಪ್ರಶ್ನೆಗಾದರೂ ಮಗು ತನ್ನ ಮಾಧ್ಯಮದಲ್ಲಿ ಉತ್ತರ ಬರೆಯಲು ಬಿಡಬೇಕು. ಇಂಗ್ಲಿಷ್ ಬರೆಯಲು ಬರುತ್ತದಾ ಅಂತ ನೋಡಲು ಪತ್ರ ಇದೆ, ಪ್ರಬಂಧ ಇದೆ, ಚಿತ್ರ ನೋಡಿ ಬರೆಯುವುದಿದೆ, ಕಥೆ ಬೆಳೆಸುವುದಿದೆ. ಓದಿದ್ದು ತಿಳಿಯಿತಾ ಅಂತ ನೋಡುವ ಜಾಗ ಇಡೀ ಪೇಪರಿನಲ್ಲಿ ಇದೊಂದೇ. ಪಠ್ಯದ ಸಾಲು ಕೊಟ್ಟು ಯಾರು ಯಾರಿಗೆ ಹೇಳಿದರು ಅಂತ ಕೇಳುವುದು ನೆನಪಿನ ಪರೀಕ್ಷೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇರುವ ಒಂದು ಜಾಗದಲ್ಲೂ ನಾವು ನೋಡುತ್ತಿರುವುದು ನಕಲು ಇಳಿಸುವ ಚುರುಕನ್ನು.

ಹೀಗೆಂದರೆ ಬೈಯುವವರು ಇದ್ದಾರೆ, ಗೊತ್ತು. 'ಇಂಗ್ಲಿಷ್ ಪೇಪರಿನಲ್ಲಿ ಕನ್ನಡವಾ, ಇನ್ನೂ ಹಾಳು ಮಾಡ್ತೀರಾ?' ಅಂತ ಒಬ್ಬ ಹಿರಿಯ ಸಹೋದ್ಯೋಗಿ ಮೀಟಿಂಗಿನಲ್ಲೇ ಕೇಳಿದರು. ಹಾಳು ಆಗುವುದು ಎಲ್ಲಿ ಅಂತ ಅವರು ಪಿಯುಸಿಗೆ ಹೋಗಿ ನೋಡಬೇಕು. ಕನ್ನಡ ಮಾಧ್ಯಮದಲ್ಲಿ ವಿಜ್ಞಾನಕ್ಕೆ 90 ತೆಗೆದ ಹುಡುಗಿ ಸೈನ್ಸ್ ತೆಗೆದುಕೊಳ್ಳುತ್ತಾಳೆ. ಫಿಸಿಕ್ಸ್ ಲೆಕ್ಕದ ಪ್ರಶ್ನೆ ನಾಲ್ಕು ಸಾಲು ಇಂಗ್ಲಿಷ್. ಸೂತ್ರ ಅವಳಿಗೆ ಬಾಯಲ್ಲಿದೆ. 'ಇನಿಷಿಯಲಿ ಅಟ್ ರೆಸ್ಟ್' ಅಂದರೆ ಮೊದಲ ವೇಗ ಸೊನ್ನೆ ಅಂತ ಹಿಡಿಯಲು ಆಗುವುದಿಲ್ಲ. ಅಲ್ಲಿ ಸಾಲು ಹುಡುಕಿ ಇಳಿಸಿದರೆ ನಡೆಯುವುದಿಲ್ಲ. ಮೊದಲ ಟೆಸ್ಟಿನಲ್ಲಿ ಕಮ್ಮಿ ಬಂತು ಅಂದ ಕೂಡಲೇ 'ನನಗೆ ಫಿಸಿಕ್ಸ್ ಬರಲ್ಲ' ಅಂತ ತೀರ್ಮಾನ ಮಾಡಿಕೊಂಡು ಆರ್ಟ್ಸಿಗೆ ಹೋದವರನ್ನು ನಾನು ಬಲ್ಲೆ. ಅವರಿಗೆ ಫಿಸಿಕ್ಸ್ ಬರುತ್ತಿತ್ತು.

ಇನ್ನೊಂದು ಆಕ್ಷೇಪ ನಿಜಕ್ಕೂ ಗಟ್ಟಿಯಾದದ್ದು. ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಮಕ್ಕಳ ಇಂಗ್ಲಿಷ್ ಪೇಪರನ್ನು ಯಾರು ತಿದ್ದಬೇಕು? ಅವರ ವಿಜ್ಞಾನ, ಸಮಾಜದ ಪೇಪರುಗಳನ್ನು ಆ ಭಾಷೆ ಬಲ್ಲ ಮೇಷ್ಟರುಗಳಿಂದ ತಿದ್ದಿಸುವ ವ್ಯವಸ್ಥೆ ಇದ್ದೇ ಇದೆ. ಇಂಗ್ಲಿಷಿಗೂ ಹಾಗೆ ಮಾಡಿದರೆ ಬೋರ್ಡಿಗೆ ಕೆಲಸ ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ. ಅಷ್ಟು ಕಷ್ಟ ಅನ್ನಿಸಿದರೆ ಬೇರೆ ದಾರಿ ಇದೆ. ಆ ಪ್ರಶ್ನೆಗೆ ಇಂಗ್ಲಿಷಿನಲ್ಲೇ ನಾಲ್ಕು ಆಯ್ಕೆ ಕೊಡಿ, ಆದರೆ ಸರಿಯುತ್ತರದಲ್ಲಿ ಪ್ಯಾಸೇಜಿನ ಒಂದು ಪದವೂ ಇರದ ಹಾಗೆ ನೋಡಿಕೊಳ್ಳಿ. ತಪ್ಪು ಆಯ್ಕೆಗಳಲ್ಲಿ ಮಾತ್ರ ಅಲ್ಲಿನ ಪದಗಳನ್ನು ತುರುಕಿ. ಸಾಲು ಹುಡುಕುವವನು ನೇರವಾಗಿ ಅದರಲ್ಲೇ ಬೀಳುತ್ತಾನೆ.

ಬೋರ್ಡು ಬದಲಾಗುವ ತನಕ ಕಾಯಬೇಕಾಗಿಲ್ಲ. ಪ್ಯಾಸೇಜ್ ಓದಿಸಿ, ಪುಸ್ತಕ ಮುಚ್ಚಿಸಿ, 'ಏನಾಯ್ತು ಹೇಳೋ' ಅಂತ ಕನ್ನಡದಲ್ಲಿ ಕೇಳುವುದಕ್ಕೆ ಯಾವ ಸುತ್ತೋಲೆಯೂ ಬೇಡ. ಓದಲು ಸುಲಭದ ಕಥೆ ಬೇಕಾದವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ. ದುಡ್ಡು ಕೊಡಬೇಕಿಲ್ಲ, ಕಥೆಗಳನ್ನು ಕಷ್ಟದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಎಷ್ಟೋ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ. ಹತ್ತನೇ ಕ್ಲಾಸಿನವರಿಗೆ ಚಿಕ್ಕ ಮಕ್ಕಳ ಕಥೆ ಕೊಟ್ಟರೆ ಅವಮಾನ ಅಂದುಕೊಳ್ಳುತ್ತಾರೆ, ಅದೊಂದು ತಲೆನೋವು. ಅದಕ್ಕೆ ನಾನು ಮಾಡುವುದು ಇಷ್ಟೇ: 'ನಿಮ್ಮ ಮನೆ ಹತ್ತಿರದ ಮೂರನೇ ಕ್ಲಾಸಿನ ಮಗುವಿಗೆ ಓದಿ ಹೇಳಬೇಕು, ಪ್ರಿಪೇರ್ ಆಗಿ ಬನ್ನಿ' ಅಂತ ಹೇಳಿ ಕೊಡುತ್ತೇನೆ. ಮನೆಗೆ ಹೋಗಿ ಮೂರು ಸಲ ಓದಿಕೊಂಡು ಬರುತ್ತಾರೆ.